ಎಳ್ಳಮಾವಾಸ್ಯೆಯ ಭಜ್ಜಿ

ಅಡಿಗೆಗಳಲ್ಲಿ ಎರಡು ಬಗೆಯುಂಟು. ಒಂದಕ್ಕೆ ಅಂಗಡಿಯ ಚೀಟಿ ಸಾಕು. ಇನ್ನೊಂದಕ್ಕೆ ಹೊಲವೇ ಬೇಕು. ಬೀದರ, ಭಾಲ್ಕಿ, ಔರಾದ ಸೀಮೆಯ ಮನೆಗಳಲ್ಲಿ ಎಳ್ಳಮಾವಾಸ್ಯೆಯ ದಿನ ಮಾಡುವ ಭಜ್ಜಿಯು ಈ ಎರಡನೆಯ ಬಗೆಗೆ ಸೇರಿದುದು. ಭಜ್ಜಿ ಎಂದೊಡನೆ ಬೇರೆ ಸೀಮೆಯ ಓದುಗ ಬಂಧುಗಳು ಎಣ್ಣೆಯಲ್ಲಿ ಕರಿದ ತಿಂಡಿಯನ್ನು ನೆನೆಯಬಾರದು. ನಮ್ಮ ಭಜ್ಜಿಯು ಹಸಿ ಕಾಳುಗಳು, ಕಾಯಿಪಲ್ಯ, ತಪ್ಪಲು ಇವೆಲ್ಲವನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿ, ಕಡಲೆಹಿಟ್ಟು ಕದಡಿ, ಹುಳಿ-ಖಾರ ಹದವಾಗಿ ಬೆರೆಸಿದ ಗಟ್ಟಿಯಾದ ಪಲ್ಯ. ರೊಟ್ಟಿಯ ತುಂಡಿನಿಂದ ಎತ್ತಿದರೆ ಅದು ಜಾರಿ ಬೀಳಬಾರದು. ಒಂದು ತುತ್ತಿನಲ್ಲಿ ನಾಲ್ಕಾರು ಬಗೆಯ ಕಾಳು ಹಲ್ಲಿಗೆ ಸಿಗಬೇಕು.

ಮಾರ್ಗಶಿರ ಮಾಸದ ಅಮಾವಾಸ್ಯೆಯೇ ಎಳ್ಳಮಾವಾಸ್ಯೆ. ಡಿಸೆಂಬರಿನ ಕೊನೆಗೋ ಜನವರಿಯ ಮೊದಲಿಗೋ ಬರುವ ಈ ಹಬ್ಬವನ್ನು ಕೆಲವರು ‘ಏಳು ಅಮಾವಾಸ್ಯೆ’ ಎಂದೂ ಕರೆಯುತ್ತಾರೆ. ಜ್ಯೇಷ್ಠದ ಮಣ್ಣೆತ್ತಿನ ಅಮಾವಾಸ್ಯೆಯಿಂದ ಎಣಿಸುತ್ತ ಬಂದರೆ ಇದು ಸರಿಯಾಗಿ ಏಳನೆಯದಾಗುತ್ತದೆ. ಮಣ್ಣೆತ್ತನ್ನು ಪೂಜಿಸಿ ಬಿತ್ತಿದ ರೈತನು ಏಳನೆಯ ಅಮಾವಾಸ್ಯೆಗೆ ಬೆಳೆದು ನಿಂತ ಭೂತಾಯಿಗೆ ಎಡೆ ಮಾಡುತ್ತಾನೆ. ಹೀಗೆ ನೋಡಿದರೆ ಎರಡು ಹೆಸರುಗಳಿಗೂ ಅರ್ಥವಿದೆ.

ನಮ್ಮ ಮನೆ ಇರುವುದು ಔರಾದ ತಾಲೂಕಿನ ಎಕಂಬಾದಲ್ಲಿ. ಮಹಾರಾಷ್ಟ್ರದ ಗಡಿ ನಮ್ಮಿಂದ ದೂರವಿಲ್ಲ. ಬಾವಿಯ ಕಟ್ಟೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಬಸ್ಸಿನಲ್ಲಿ ದಖನಿ ಉರ್ದು, ಬೀಗರ ಮನೆಯಲ್ಲಿ ತೆಲುಗು ಕೇಳುವುದು ಇಲ್ಲಿಯವರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ಸಂಸ್ಥಾನದ ಪ್ರದೇಶಗಳು ಭಾಷೆಯ ಮೇಲೆ ಹಂಚಿಹೋದಾಗ, ಅಂದಿನ ಬೀದರ ಜಿಲ್ಲೆಯ ಉದಗೀರ, ನಿಲಂಗಾ ಮುಂತಾದ ತಾಲೂಕುಗಳು ಅತ್ತ ಹೋದವು. ಜಹೀರಾಬಾದ್, ನಾರಾಯಣಖೇಡ ಇತ್ತ ಆಂಧ್ರಕ್ಕೆ ಸೇರಿ, ಈಗ ತೆಲಂಗಾಣದಲ್ಲಿವೆ. ಕಾಗದದ ಮೇಲೆ ಗಡಿ ಬಿದ್ದಿತು. ಭಜ್ಜಿಯ ಪಾತ್ರೆಗೆ ಬೀಳಲಿಲ್ಲ. ಲಾತೂರ, ಧಾರಾಶಿವ ಜಿಲ್ಲೆಗಳ ಮರಾಠಿ ಬಂಧುಗಳು ಇದೇ ದಿನವನ್ನು ‘ಯೇಳವಸ’ ಎಂದು ಕರೆದು ಇದೇ ಭಜ್ಜಿ, ಇದೇ ಅಂಬಲಿಯೊಡನೆ ತಮ್ಮ ಹೊಲಗಳಿಗೆ ಹೋಗುತ್ತಾರೆ. ಅಂದು ಲಾತೂರಿನ ಪೇಟೆಯೂ ಬೀದರಿನ ಪೇಟೆಯೂ ಒಂದೇ ರೀತಿಯಲ್ಲಿ ಬಿಕೋ ಎನ್ನುತ್ತವೆ.

ಇನ್ನು ಅಡಿಗೆಯ ವಿಷಯಕ್ಕೆ ಬರೋಣ. ಭಜ್ಜಿಯ ಸಿದ್ಧತೆ ಹಬ್ಬದ ಹಿಂದಿನ ಸಂಜೆಯೇ ಆರಂಭವಾಗುತ್ತದೆ. ತೊಗರಿಕಾಯಿ, ಅವರೆಕಾಯಿ, ಬಟಾಣಿ, ಹಸಿ ಕಡಲೆಯ ಗಿಡಗಳನ್ನು ಅಂಗಳದಲ್ಲಿ ರಾಶಿ ಹಾಕಿಕೊಂಡು ಮನೆಯ ಹಿರಿಯರು, ಕಿರಿಯರು ಎಲ್ಲರೂ ಸುತ್ತ ಕುಳಿತು ಕಾಳು ಬಿಡಿಸುತ್ತಾರೆ. ಹತ್ತು-ಹನ್ನೆರಡು ಜನರಿಗೆ ನಾವು ಹಿಡಿಯುವ ಅಳತೆ ಹೀಗಿದೆ: ಹಸಿ ತೊಗರಿಕಾಳು 2 ಬಟ್ಟಲು, ಅವರೆಕಾಳು, ಬಟಾಣಿ, ಹಸಿ ಕಡಲೆಕಾಳು, ನೆನೆಸಿದ ಶೇಂಗಾ ತಲಾ 1 ಬಟ್ಟಲು, ಸಣ್ಣ ಬದನೆಕಾಯಿ 6, ಗಜ್ಜರಿ 2, ಮೆಂತ್ಯ, ಪಾಲಕ, ಹುಳಿಯಾದ ಚುಕ್ಕಾ ಪಲ್ಯ, ಉಳ್ಳಾಗಡ್ಡಿಯ ತಪ್ಪಲು ಒಂದೊಂದು ಕಟ್ಟು, ಕಡಲೆಯ ಎಳೆಕುಡಿ, ಕುಸುಬೆಯ ಎಳೆ ಎಲೆ ಒಂದೊಂದು ಹಿಡಿ, ಸಿಕ್ಕರೆ ನಾಲ್ಕು ಬಾರೆಹಣ್ಣು.

ಮೊದಲು ಕಾಳುಗಳನ್ನು ಉಪ್ಪು, ಚಿಟಿಕೆ ಅರಿಸಿನ ಹಾಕಿ ಬೇಯಿಸಬೇಕು. ಶೇಂಗಾ ಮತ್ತು ತೊಗರಿಕಾಳು ಮೊದಲು, ಬೇಗ ಬೇಯುವ ಬಟಾಣಿ, ಕಡಲೆ ಆಮೇಲೆ. ಕಾಳು ಮುಕ್ಕಾಲು ಬೆಂದಾಗ ಬದನೆ, ಗಜ್ಜರಿ. ಅವು ಮೆತ್ತಗಾದ ಮೇಲೆ ತಪ್ಪಲುಗಳು. ಅಷ್ಟರಲ್ಲಿ ಹತ್ತು-ಹನ್ನೆರಡು ಹಸಿಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, ಒಂದು ತುಂಡು ಹಸಿಶುಂಠಿಯನ್ನು ಒರಳಲ್ಲಿ ತರಿತರಿಯಾಗಿ ಕುಟ್ಟಿಕೊಳ್ಳಬೇಕು. ಒಂದು ಬಟ್ಟಲು ಕಡಲೆಹಿಟ್ಟನ್ನು ತಣ್ಣನೆಯ ಹುಳಿಮಜ್ಜಿಗೆಯಲ್ಲಿ ಗಂಟಿಲ್ಲದಂತೆ ಕದಡಿ, ಕುಟ್ಟಿದ ಖಾರದೊಡನೆ ಪಾತ್ರೆಗೆ ಹೊಯ್ಯಬೇಕು. ಮಜ್ಜಿಗೆಯ ಬದಲು ಹುಣಸೆರಸ ಹಾಕುವ ಮನೆಗಳೂ ಉಂಟು. ಇಲ್ಲಿಂದ ಮುಂದೆ ಕೈ ಬಿಡುವಂತಿಲ್ಲ. ಸಣ್ಣ ಉರಿಯಲ್ಲಿ ಕಾಲು ಗಂಟೆ ತಿರುವುತ್ತಿದ್ದರೆ ಹಿಟ್ಟಿನ ಹಸಿವಾಸನೆ ಹೋಗಿ ಭಜ್ಜಿಯು ಕುದಿಯುತ್ತ ಗಟ್ಟಿಯಾಗುತ್ತದೆ. ಕೊನೆಗೆ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಮೇಲೊಂದಿಷ್ಟು ಹುರಿದ ಎಳ್ಳಿನ ಪುಡಿ.

ಭಜ್ಜಿಯ ಜೊತೆಗೆ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಬಿಳಿಜೋಳದ ರೊಟ್ಟಿ, ಹಬೆಯಲ್ಲಿ ಬೇಯಿಸಿದ ಸಜ್ಜೆಯ ಉಂಡಿ, ಶೇಂಗಾ ಹೋಳಿಗೆ. ಕುಡಿಯಲು ಅಂಬಲಿ: ಜೋಳದ ಹಿಟ್ಟನ್ನು ಹಿಂದಿನ ರಾತ್ರಿಯೇ ಕುದಿಸಿ, ಹೊಸ ಮಡಕೆಯಲ್ಲಿ ಆರಲಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಜೀರಿಗೆ, ಬೆಳ್ಳುಳ್ಳಿ ಬೆರೆಸಿದ್ದು. ಏಕದಳ ಧಾನ್ಯವೂ ದ್ವಿದಳ ಧಾನ್ಯವೂ ಒಂದೇ ಊಟದಲ್ಲಿ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ ಎಂದು ಆಹಾರತಜ್ಞರು ಹೇಳುತ್ತಾರೆ. ಜೋಳ, ಸಜ್ಜೆಗಳ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆಕಾಳುಗಳಲ್ಲಿ ಅದು ಧಾರಾಳ. ಕಾಳುಗಳಲ್ಲಿ ಕಡಿಮೆಯಿರುವ ಮೆಥಿಯೊನಿನ್ ಧಾನ್ಯಗಳಲ್ಲಿಯೂ ಎಳ್ಳಿನಲ್ಲಿಯೂ ದೊರೆಯುತ್ತದೆ. ಆ ಹೆಸರುಗಳನ್ನು ಕೇಳದ ನಮ್ಮ ಹಿರಿಯ ತಾಯಂದಿರು ರೊಟ್ಟಿ, ಭಜ್ಜಿ, ಎಳ್ಳು ಮೂರನ್ನೂ ಒಂದೇ ಬುಟ್ಟಿಯಲ್ಲಿ ಕಟ್ಟಿದರು.

ಬುಟ್ಟಿ ಹೊತ್ತು ಹೊಲಕ್ಕೆ ಹೋಗುವುದು ಹಿಂದೆ ಎತ್ತಿನ ಬಂಡಿಯಲ್ಲಿ. ಈಗ ಹೆಚ್ಚಾಗಿ ಟ್ರ್ಯಾಕ್ಟರಿನಲ್ಲಿ, ಆಟೋದಲ್ಲಿ. ಜೋಳದ ಕಣಿಕೆಯಿಂದ ಕಟ್ಟಿದ ಕೊಂಪೆಯಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪಾಂಡವರೆಂದು ಕರೆದು ಎಡೆ ಮಾಡುವುದು ರೂಢಿ. ಅನಂತರ ಹೊಲದ ನಾಲ್ಕೂ ದಿಕ್ಕಿಗೆ ಅನ್ನ-ಭಜ್ಜಿಯ ಚರಗ ಚೆಲ್ಲುತ್ತಾರೆ. ಚರಗಕ್ಕೆ ಬರುವ ಹಕ್ಕಿಗಳು ತೊಗರಿ, ಕಡಲೆಗಳಿಗೆ ಇದೇ ದಿನಗಳಲ್ಲಿ ಬೀಳುವ ಕಾಯಿಕೊರಕ ಹುಳುಗಳನ್ನೂ ಹೆಕ್ಕುತ್ತವೆ. ಕೊನೆಯದು ಊಟ. ಅಂದು ದಾರಿಯಲ್ಲಿ ಹೋಗುವವರನ್ನು ಕೂಗಿ ಕರೆದು ಉಣಿಸಬೇಕು. ಹೊಲವಿಲ್ಲದವರು, ಬೇರೆ ಊರಿನಿಂದ ನೌಕರಿಗೆ ಬಂದವರು, ಶಾಲೆಯ ಗುರುಗಳು, ಬಸ್ಸಿನ ಚಾಲಕರು, ಯಾರಾದರೂ ಸರಿ. ಜಾತಿ ಕೇಳಿ ಭಜ್ಜಿ ಬಡಿಸಿದವರನ್ನು ನಾವು ಕಂಡಿಲ್ಲ. ದಾಸೋಹ ಎಂಬ ಮಾತನ್ನು ಮಕ್ಕಳಿಗೆ ಬಿಡಿಸಿ ಹೇಳಲು ಇದಕ್ಕಿಂತ ಸುಲಭವಾದ ಪಾಠ ಬೇಡ.

ಉಣಿಸುವುದರಲ್ಲಿ ಮಾತ್ರವಲ್ಲ, ತರುವುದರಲ್ಲಿಯೂ ಒಂದು ಕಟ್ಟಳೆಯಿತ್ತು. ಭಜ್ಜಿಗೆ ಬೇಕಾದುದೆಲ್ಲ ಒಬ್ಬರ ಹೊಲದಲ್ಲಿ ಎಂದೂ ಸಿಗುವುದಿಲ್ಲ. ಒಬ್ಬರಲ್ಲಿ ಬಟಾಣಿ, ಒಬ್ಬರಲ್ಲಿ ಅವರೆ, ಬಾವಿಯಿದ್ದವರಲ್ಲಿ ಮೆಂತ್ಯ-ಪಾಲಕ. ಹಬ್ಬದ ಹಿಂದಿನ ದಿನ ಯಾರು ಯಾರ ಹೊಲಕ್ಕಾದರೂ ಹೋಗಿ ಕೇಳಿ ಕಿತ್ತು ತರಬಹುದಿತ್ತು. ಆದರೆ ಉಡಿಯಲ್ಲಿ ಹಿಡಿಯುವಷ್ಟು ಮಾತ್ರ. ಚೀಲ ಒಯ್ಯುವಂತಿಲ್ಲ. ಈ ಕಟ್ಟಳೆಯನ್ನು ನಮಗೆ ಹೇಳಿಕೊಟ್ಟ ಅತ್ತೆಯವರು ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನೂ ಜೊತೆಗೇ ಹೇಳಿದರು. ನಮ್ಮದೇ ಜಿಲ್ಲೆಯ ಕಲ್ಯಾಣದಲ್ಲಿ, 12ನೆಯ ಶತಮಾನದಲ್ಲಿ, ಮಾರಯ್ಯನವರು ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದರು. ಉಡಿಯ ಅಳತೆಯ ಹಿಂದೆ ಇರುವುದೂ ಅದೇ ವಿವೇಕ.

ನಾವು ಈ ಮನೆಗೆ ಸೊಸೆಯಾಗಿ ಬಂದದ್ದು 1991ರಲ್ಲಿ. ಆಗ ನಮ್ಮ ಎಂಟು ಎಕರೆಯಲ್ಲಿ ಮುಂಗಾರಿಗೆ ತೊಗರಿಯ ಸಾಲುಗಳ ನಡುವೆ ಸಜ್ಜೆ, ಹೆಸರು, ಉದ್ದು. ಬದುವಿನ ಬದಿಗೆ ಎಳ್ಳು, ಪುಂಡಿ, ಅವರೆ. ಹಿಂಗಾರಿಗೆ ಬಿಳಿಜೋಳ, ಕಡಲೆ. ದನ ನುಗ್ಗದಂತೆ ಸುತ್ತ ಮುಳ್ಳಿನ ಕುಸುಬೆ. ಹಣ ಹೆಚ್ಚು ಬರುತ್ತಿರಲಿಲ್ಲ. ಆದರೆ ಭಜ್ಜಿಗೆ ಸಂತೆಯಿಂದ ಗಜ್ಜರಿ, ಶುಂಠಿ ಮಾತ್ರ ತರುತ್ತಿದ್ದೆವು. ಬರಬರುತ್ತ ಸೋಯಾಬೀನ್ ಬಂದಿತು. ಜೂನಿನಲ್ಲಿ ಬಿತ್ತಿದರೆ ಮೂರು-ಮೂರೂವರೆ ತಿಂಗಳಲ್ಲಿ ಕೈಗೆ ಬರುವ, ಯಂತ್ರದಿಂದ ರಾಶಿಯಾಗುವ, ನೇರವಾಗಿ ಮಾರುಕಟ್ಟೆಗೆ ಹೋಗುವ ಬೆಳೆ. ಇಂದು ಬೀದರ ಜಿಲ್ಲೆಯ ಮುಂಗಾರಿನ ಮುಖ್ಯ ಬೆಳೆ ಅದೇ. ಅದರಿಂದ ನಮ್ಮ ಮನೆಯ ಸಾಲ ತೀರಿತು, ಮಾಳಿಗೆ ಬಿದ್ದಿತು, ಮಕ್ಕಳು ಓದಿದರು. ಅದನ್ನು ನಿಂದಿಸುವ ಹಕ್ಕು ನಮಗಿಲ್ಲ.

2019ರ ಹಬ್ಬದ ಹಿಂದಿನ ಸಂಜೆ, ಆಗ ಎಪ್ಪತ್ತೈದು ದಾಟಿದ್ದ ಅತ್ತೆಯವರು ಎಂದಿನಂತೆ ಕಾಳು-ಪಲ್ಯಗಳನ್ನು ಎಣಿಸಲು ಕುಳಿತರು. ಒಟ್ಟು ಹದಿನಾರು ಬಗೆ. ಅವುಗಳಲ್ಲಿ ನಮ್ಮ ಹೊಲದಿಂದ ಬಂದವು ಮೂರೇ: ತೊಗರಿ, ಕಡಲೆ, ಕಡಲೆಯ ಕುಡಿ. ಉಳಿದ ಹದಿಮೂರೂ ಪೇಟೆಯ ಚೀಲದಿಂದ ಇಳಿದಿದ್ದವು. “ಇದು ಸಂತಿ ಭಜ್ಜಿ ಆತು ನೋಡವ್ವ. ಭೂಮಿತಾಯಿಗೆ ಸಂತೀದ್ ಒಯ್ದು ಉಣ್ಸೂದೇನ?” ಎಂದರು. ಕೋಪದಿಂದ ಹೇಳಿದ ಮಾತಲ್ಲ. ಆದರೆ ಮರುದಿನ ಕೊಂಪೆಯ ಮುಂದೆ ಎಡೆ ಇಡುವಾಗ ಆ ಮಾತು ನಮ್ಮ ಕಿವಿಯಲ್ಲಿಯೇ ಇತ್ತು.

ಆ ವರುಷದ ಯುಗಾದಿಗೆ ಅವರು ಮನೆಯವರೆದುರು ಒಂದೇ ಬೇಡಿಕೆ ಇಟ್ಟರು: ದಿಬ್ಬದ ಮೇಲಿನ ಅರ್ಧ ಎಕರೆಯನ್ನು ಭಜ್ಜಿಗೆ ಬಿಡಬೇಕು. ಹೊಲದ ಲೆಕ್ಕ ನೋಡುವವರು ನಮ್ಮ ಮೈದುನ. ಅವರು ಬೆರಳು ಮಡಿಚಿ ಹೇಳಿದರು: “ಅರ್ಧ ಎಕ್ರಿ ಅಂದ್ರ ಮೂರು ಕ್ವಿಂಟಲ್ ಸೋಯಾ, ವೈನಿ. ಹನ್ನೆರಡು ಸಾವಿರ ರೂಪಾಯಿ. ಹುಡುಗಿ ಕಾಲೇಜು ಫೀಸು ಅದ್ರಾಗೇ ಕಟ್ಟೋದದ.” ಅವರ ಲೆಕ್ಕ ಸರಿಯಾಗಿತ್ತು. ಒಂದು ದಿನದ ಊಟಕ್ಕಾಗಿ ಮಗುವಿನ ಓದಿನ ಹಣವನ್ನು ಕೇಳುವುದು ನ್ಯಾಯವೇ ಎಂದು ನಾವು, ನೆಗೆಣ್ಣಿಯರಿಬ್ಬರು, ಹಲವು ದಿನ ಮಾತನಾಡಿಕೊಂಡೆವು. ಮತ್ತೊಂದು ಮಾತನ್ನೂ ಮೈದುನ ಹಾಸ್ಯಕ್ಕೆಂದು ಆಡಿದ್ದರು: ಭಜ್ಜಿಗೆ ಸೋಯಾ ಕಾಳನ್ನೇ ಹಾಕಿದರೆ ಏನು ಕೆಟ್ಟೀತು?

ಆ ಹಾಸ್ಯವನ್ನು ನಾವು ನಿಜವಾಗಿಯೂ ಯೋಚಿಸಿದೆವು. ಹೊರಗಿನಿಂದ ಬಂದುದೆಂದು ಸೋಯಾವನ್ನು ದೂರವಿಡುವುದಾದರೆ ಭಜ್ಜಿಯ ಪಾತ್ರೆಯೇ ಅರ್ಧ ಬರಿದಾಗುತ್ತದೆ. ಹಸಿಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರ ಕಾಲದ ಕಡಲ ವ್ಯಾಪಾರದಲ್ಲಿ ನಮ್ಮ ನಾಡಿಗೆ ಬಂದವು. ಕಲ್ಯಾಣದ ಶರಣರ ಅಡಿಗೆಮನೆಯಲ್ಲಿ ಅವೆರಡೂ ಇರಲಿಲ್ಲ. ಅವರ ಖಾರ ಕರಿಮೆಣಸಿನದು. ಜೋಳ, ಸಜ್ಜೆಗಳ ಮೂಲ ಆಫ್ರಿಕ. ಕಡಲೆಯದು ಪಶ್ಚಿಮ ಏಷ್ಯ. ತೊಗರಿ, ಎಳ್ಳು ನಮ್ಮ ನೆಲದವು. ಭಜ್ಜಿಯು ಬಂದವರನ್ನೆಲ್ಲ ಕೂಡಿಸಿಕೊಂಡೇ ಬೆಳೆದಿದೆ. ಟೆಕ್ಸಾಸಿನಲ್ಲಿರುವ ನಮ್ಮ ತವರಿನ ಹುಡುಗಿಯೊಬ್ಬಳು ಪ್ರತಿ ವರ್ಷ ಎಳ್ಳಮಾವಾಸ್ಯೆಗೆ ಅಲ್ಲಿ ಸಿಗುವ ಕರಿ ಹುರುಳಿಕಾಯಿಯ ಕಾಳು, ಮೆಕ್ಕೆಜೋಳ, ಗೋಧಿನುಚ್ಚು, ಹೆಪ್ಪುಗಟ್ಟಿಸಿದ ತೊಗರಿಕಾಳು ಸೇರಿಸಿ ಭಜ್ಜಿ ಮಾಡುತ್ತಾಳೆ. ಆ ರಾಜ್ಯವು 1977ರಲ್ಲಿ ತನ್ನ ರಾಜ್ಯದ ಅಡಿಗೆಯೆಂದು ಸಾರಿದ್ದು ‘ಚಿಲಿ’ ಎಂಬ, ಮೆಣಸಿನಕಾಯಿಯ ಖಾರದಲ್ಲಿ ಬೇಯಿಸುವ ಮಾಂಸದ ಸಾರನ್ನು. ಮಾಂಸ ತಿನ್ನದವರು ಅದನ್ನೇ ಕಾಳು, ನುಚ್ಚುಗಳಿಂದ ಮಾಡಿಕೊಳ್ಳುತ್ತಾರೆ. ಅವಳ ಭಜ್ಜಿಯನ್ನು ಉಂಡ ನೆರೆಯವರು ‘ಇದು ನಮ್ಮ ಚಿಲಿಯೇ’ ಎಂದರಂತೆ.

ಆದ್ದರಿಂದ ಸೋಯಾ ಪರದೇಶದ್ದು ಎಂಬುದು ದೂರಲ್ಲ. ಅದು ಅಕ್ಟೋಬರಿಗೆ ರಾಶಿಯಾಗಿ ಹೋಗಿಬಿಡುವುದರಿಂದ ಮಾರ್ಗಶಿರದಲ್ಲಿ ಹಸಿಕಾಳು ಸಿಗದು. ಅದು ಸಣ್ಣ ಮಾತು. ದೊಡ್ಡ ಮಾತೆಂದರೆ, ಅದನ್ನು ನಾವು ಒಂಟಿಯಾಗಿ ಬಿತ್ತುತ್ತಿದ್ದೇವೆ. ಒಂದೇ ಬೆಳೆಯ ಹೊಲ ಎಷ್ಟು ಚೆನ್ನಾಗಿ ಬೆಳೆದರೂ ಅದರಿಂದ ಭಜ್ಜಿಯಾಗದು. ಹತ್ತು ಬೆಳೆಗಳು ಕೂಡಿ ಬಾಳಿದ ನೆಲದಲ್ಲಿ ಮಾತ್ರ ಈ ಅಡಿಗೆ ಹುಟ್ಟುತ್ತದೆ.

ಇದು ನಮ್ಮೊಬ್ಬರ ಮನೆಯ ಚಿಂತೆಯಲ್ಲ. ಬೀದರಿನಿಂದ ಹೈದರಾಬಾದಿಗೆ ಹೋಗುವ ದಾರಿಯಲ್ಲಿರುವ ಪಟಾನ್‌ಚೆರುವಿನಲ್ಲಿ 1972ರಲ್ಲಿ ಸ್ಥಾಪಿತವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯು ಮುಖ್ಯವಾಗಿ ಆರಿಸಿಕೊಂಡ ಬೆಳೆಗಳು ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ. ಮಳೆಯನ್ನೇ ನಂಬಿದ ನಾಡುಗಳಿಗೆ ಆಧಾರವೆಂದು ವಿಜ್ಞಾನಿಗಳು ಹಿಡಿದ ಈ ಐದೂ ನಮ್ಮ ಎಳ್ಳಮಾವಾಸ್ಯೆಯ ಬುಟ್ಟಿಯಲ್ಲಿವೆ! ಅದೇ ದಾರಿಯ ಜಹೀರಾಬಾದ್ ಸೀಮೆಯಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯ ಬಡ ದಲಿತ ಮಹಿಳೆಯರು ಒಂದೇ ಹೊಲದಲ್ಲಿ ಹತ್ತಾರು ಬೆಳೆ ತೆಗೆದು, ಬೀಜಗಳನ್ನು ಕಾಪಿಟ್ಟು, ವರ್ಷಕ್ಕೊಮ್ಮೆ ಬಂಡಿಗಳಲ್ಲಿ ಬೀಜದ ಜಾತ್ರೆ ಮಾಡುತ್ತಾರೆ. ಈ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ. ವಿ. ಸತೀಶ್ ಅವರು ಮೈಸೂರಿನವರು, 2023ರಲ್ಲಿ ತೀರಿಕೊಂಡರು. 2019ರಲ್ಲಿ ಆ ಮಹಿಳೆಯರ ಕೆಲಸಕ್ಕೆ ವಿಶ್ವಸಂಸ್ಥೆಯ ಇಕ್ವೇಟರ್ ಪ್ರಶಸ್ತಿ ಬಂದಿತು. ನಮಗಿಂತ ಎಷ್ಟೋ ಕಡಿಮೆ ನೆಲವುಳ್ಳವರು ಇದನ್ನು ಸಾಧಿಸಿರುವಾಗ, ಎಂಟು ಎಕರೆಯವರು ಅರ್ಧ ಎಕರೆಗೆ ಹಿಂಜರಿಯುವುದೇ?

ನಾವು ನೆಗೆಣ್ಣಿಯರಿಬ್ಬರೂ ಮೈದುನರ ಮುಂದೆ ಒಂದು ಒಪ್ಪಂದ ಇಟ್ಟೆವು. ಆ ಅರ್ಧ ಎಕರೆಯ ಕಳೆ ಕೀಳುವುದು, ಕೊಯ್ಯುವುದು, ಬಡಿಯುವುದು ನಮ್ಮ ಹೊಣೆ. ಕೂಲಿಯ ಖರ್ಚು ಬಾರದು. ಮನೆಗೆ ಮಿಕ್ಕಿದ ಎಳ್ಳು, ಹೆಸರು, ಅವರೆಕಾಯಿ, ಪುಂಡಿಪಲ್ಯ ಸಂತೆಗೆ ಹೋಗಬೇಕು. ಬಂದ ಹಣ ಹುಡುಗಿಯ ಫೀಸಿಗೆ. 2020ರ ಮುಂಗಾರಿಗೆ ಬಿತ್ತಿದೆವು. ಅವರೆಯ ಬೀಜ ನೆರೆಯವರಿಂದ, ಪುಂಡಿಯ ಬೀಜ ಅತ್ತೆಯವರ ಗಡಿಗೆಯಿಂದ ಬಂದಿತು. ಸಂತೆಯ ಹಣ ಮೊದಲ ವರ್ಷ ಸೋಯಾದ ಅರ್ಧಕ್ಕೂ ಮುಟ್ಟಲಿಲ್ಲ. ಉಳಿದುದನ್ನು ಮೈದುನ ಗೊಣಗದೆ ತುಂಬಿದರು. ಆ ವರ್ಷ ಅತ್ತೆಯವರ ಎಣಿಕೆ ಮೂರರಿಂದ ಒಂಬತ್ತಕ್ಕೆ ಏರಿತು.

2025ರ ಮಳೆಗಾಲ ನಮ್ಮ ಭಾಗದವರು ಮರೆಯುವಂಥದಲ್ಲ. ಬೀದರ, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳಲ್ಲಿ ಬೆಳೆಗಳು ನೀರಿನಲ್ಲಿ ನಿಂತವು. ನಮ್ಮ ತಗ್ಗಿನ ಹೊಲದ ಸೋಯಾ ಕಾಯಿಯಲ್ಲಿಯೇ ಮೊಳಕೆಯೊಡೆಯಿತು. ದಿಬ್ಬದ ತುಂಡೂ ಪೂರ್ತಿ ಉಳಿಯಲಿಲ್ಲ: ಹೆಸರು, ಉದ್ದು ಕೊಳೆತವು, ಎಳ್ಳು ಮಲಗಿತು. ಆದರೆ ತೊಗರಿ ನಿಂತಿತು, ಅವರೆ ಬದುವನ್ನು ಹಿಡಿದುಕೊಂಡಿತು, ಪುಂಡಿ ಬಂದಿತು. ಮಳೆ ಬಿಟ್ಟ ಮೇಲೆ ಹಾಕಿದ ಕಡಲೆ, ಕುಸುಬೆ, ಮೆಂತ್ಯ ಎದ್ದವು. ಹತ್ತು ಬೆಳೆಯಲ್ಲಿ ನಾಲ್ಕು ಹೋದರೆ ಆರು ಉಳಿಯುತ್ತವೆ. ಒಂದೇ ಬೆಳೆಯಲ್ಲಿ ಒಂದು ಹೋದರೆ ಉಳಿಯುವುದೇನು? ಇದನ್ನು ನಾವು ಹೇಳಲಿಲ್ಲ. ಮುಂದಿನ ಮುಂಗಾರಿಗೆ ಅರ್ಧ ಎಕರೆಯನ್ನು ಒಂದು ಎಕರೆ ಮಾಡೋಣವೆಂದು ಮೈದುನರೇ ಹೇಳಿದರು.

ಅತ್ತೆಯವರಿಗೆ ಈಗ ಒಲೆಯ ಮುಂದೆ ಕೂಡುವ ಶಕ್ತಿಯಿಲ್ಲ. ಎಣಿಸುವ ಅಧಿಕಾರವನ್ನು ಮಾತ್ರ ಬಿಟ್ಟುಕೊಟ್ಟಿಲ್ಲ. 2025ರ ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ನಮ್ಮ ಹೊಲದವು ಏಳು ಬಗೆ, ಉಡಿಯಲ್ಲಿ ನೆರೆಯವರಿಂದ ಬಂದವು ಐದು, ಪೇಟೆಯವು ನಾಲ್ಕು. ನಮ್ಮ ಅವರೆಕಾಯಿ ಮೂರು ಮನೆಗಳ ಭಜ್ಜಿಗೆ ಹೋಯಿತು. ಸೋಯಾ ಕಳೆದುಕೊಂಡ ಆ ಮನೆಗಳಲ್ಲಿ ಹಬ್ಬ ಮಾಡುವುದೋ ಬೇಡವೋ ಎಂಬ ಮಾತಿತ್ತು. ಉಡಿ ತುಂಬಿಸಿಕೊಂಡು ಹೋದ ಮೇಲೆ ಎಲ್ಲರೂ ಹೊಲಕ್ಕೆ ಹೋದರು.

ಓದುಗ ಸಹೋದರಿಯರಲ್ಲಿ ನಮ್ಮದೊಂದು ಸಣ್ಣ ವಿನಂತಿ. ಹೊಲವುಳ್ಳವರು ಎಕರೆಯನ್ನಲ್ಲ, ಬದುವಿನ ಪಕ್ಕದ ನಾಲ್ಕು ಸಾಲನ್ನಾದರೂ ಕೂಡುಬೆಳೆಗೆ ಬಿಡಿರಿ. ಬೀದರ, ಕಲಬುರಗಿ, ಬೆಂಗಳೂರುಗಳಲ್ಲಿ ನೆಲೆಸಿದವರು ಮಹಡಿಯ ಕುಂಡದಲ್ಲಿ ಮೆಂತ್ಯ, ಅವರೆಯ ಬಳ್ಳಿ ಹಾಕಿರಿ. ಉಳಿದುದನ್ನು ಪೇಟೆಯಿಂದ ತಂದರೂ ಚಿಂತೆಯಿಲ್ಲ. ಭಜ್ಜಿ ಮಾಡುವ ಹಿಂದಿನ ಸಂಜೆ ಟಿ.ವಿ., ಮೊಬೈಲುಗಳನ್ನು ಬದಿಗಿಟ್ಟು ಮಕ್ಕಳನ್ನು ಕಾಳು ಬಿಡಿಸಲು ಕೂರಿಸಿಕೊಳ್ಳಿರಿ. ಯಾವುದು ತೊಗರಿ, ಯಾವುದು ಅವರೆ, ಯಾವುದು ಎಲ್ಲಿಂದ ಬಂದಿತು ಎಂದು ಅವರ ಕೈಯಿಂದಲೇ ಎಣಿಸಿರಿ. ಮತ್ತು ಪಾತ್ರೆಯನ್ನು ಮನೆಯವರ ಲೆಕ್ಕಕ್ಕಿಂತ ನಾಲ್ಕು ಜನರಿಗೆ ಹೆಚ್ಚಾಗಿಯೇ ಇಡಿರಿ. ದಾರಿಯಲ್ಲಿ ಯಾರಾದರೂ ಬಂದೇ ಬರುತ್ತಾರೆ.